ಒಂದೆಳೆ ಪೇಂಟು

ಇವತ್ತು ಬೆಳಿಗ್ಗೆ ಟೀಪಾಯಿ ಮೇಲೆ ಮತ್ತೊಂದು ಹೆಬ್ಬೆಟ್ಟಿನ ಗುರುತು ಬಿದ್ದಿದೆ. ಒಟ್ಟು ಹನ್ನೊಂದಾಯಿತು. ಎಣಿಸಿದ್ದೇನೆ.

ಎಲ್ಲ ಶುರುವಾಗಿದ್ದು ಮೊಬೈಲಿನಿಂದ. ರಾತ್ರಿ ಪಾತ್ರೆ ತೊಳೆದು, ಮಗಳ ಯೂನಿಫಾರಂ ಇಸ್ತ್ರಿ ಮಾಡಿ, ಐದು ನಿಮಿಷ ಅಂತ ಕೂತವಳಿಗೆ ಒಂದು ವಿಡಿಯೋ ಕಾಣಿಸಿತು. ಯಾರೋ ಒಬ್ಬಳು ಬಿಳಿ ಬಟ್ಟೆ ಹಾಕಿಕೊಂಡು (ಹೌದು, ಬಿಳಿ ಬಟ್ಟೆ!) ಮುರುಕಲು ಮೇಜಿಗೆ ಬಣ್ಣ ಬಳಿದು 30 ಸೆಕೆಂಡಿನಲ್ಲಿ ಅದನ್ನು ಅರಮನೆ ಸಾಮಾನು ಮಾಡಿಬಿಟ್ಟಳು. ಅವಳ ಮನೆಯಲ್ಲಿ ಮಾವ ಇರಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಆ ಭಾನುವಾರವೇ ಶಿವಾಜಿನಗರದ ಗುಜರಿಗೆ ಹೋಗಿ 600 ರೂಪಾಯಿಗೆ ಒಂದು ಟೀಪಾಯಿ ತಂದೆ. ಆಟೋದವನು 350 ತಗೊಂಡ. ಟೀಪಾಯಿಗೂ ನಾವು ಕುಡಿಯೋ ಟೀಗೂ ಸಂಬಂಧವಿಲ್ಲ, ಗೊತ್ತಾ? ಅದು ಹಿಂದಿಯ ತಿಪಾಯಿ, ಅಂದರೆ ಮೂರು ಕಾಲಿನದು. ನಾನು ತಂದದ್ದಕ್ಕೆ ಕಾಲು ನಾಲ್ಕಿದ್ದರೂ ನೆಲ ಮುಟ್ಟುತ್ತಿದ್ದುದು ಮೂರೇ. ಹೆಸರಿಗೆ ತಕ್ಕ ಹಾಗಿದೆ ಎಂದುಕೊಂಡು ನಾಲ್ಕನೆಯದರ ಕೆಳಗೆ ಯಾರದೋ ಗೃಹಪ್ರವೇಶದ ಕಾರ್ಡು ಮಡಚಿ ಇಟ್ಟೆ.

ವಿಡಿಯೋದವಳು ಹಚ್ಚಿದ್ದು ಚಾಕ್ ಪೇಂಟು. ಇಂಗ್ಲೆಂಡಿನ ಆನಿ ಸ್ಲೋನ್ 1990ರಲ್ಲಿ ಮಾಡಿದ್ದು. ಅದಕ್ಕೆ ಜಾಸ್ತಿ ಉಜ್ಜುವುದೂ ಬೇಡ, ಪ್ರೈಮರೂ ಬೇಡ. ಬೇಗ ಒಣಗಿಬಿಡುತ್ತೆ. ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ, "ಸ್ಕೂಲ್ ಬೋರ್ಡಿಗಾ ಮೇಡಂ?" ಅಂದರು. ಅಲ್ಲ, ಟೀಪಾಯಿಗೆ ಅಂದೆ. ಪಾಪ ಅನ್ನೋ ಹಾಗೆ ನನ್ನನ್ನು ನೋಡಿ, ಒಂದು ಲೀಟರ್ ಎನಾಮಲ್, ಟರ್ಪಂಟೈನ್, ಬ್ರಶ್ಶು, 80, 120, 220ನೇ ನಂಬರಿನ ಉಪ್ಪು ಕಾಗದ ಕಟ್ಟಿಕೊಟ್ಟರು. ನಂಬರ್ ಜಾಸ್ತಿಯಾದಷ್ಟೂ ಕಾಗದ ನಯವಂತೆ. ಬಿಲ್ಲಿಗೆ ಈ ಲೆಕ್ಕ ಹೊಂದಲಿಲ್ಲ.

ಉಜ್ಜಿದ ಕಥೆ ಹೇಳಲ್ಲ. ಮೂರು ದಿನ ಮನೆಮಂದಿಯೆಲ್ಲ ಸೀನಿದೆವು, ಅಷ್ಟು ಸಾಕು. ಬಣ್ಣವೂ ಅಷ್ಟೇ. ಮೊಬೈಲಿನಲ್ಲಿ ತಣ್ಣನೆಯ ಹಸಿರಾಗಿ ಕಂಡದ್ದು ನಮ್ಮ ಹಾಲಿನಲ್ಲಿ ಸರ್ಕಾರಿ ಆಸ್ಪತ್ರೆಯ ಗೋಡೆ ಆಯಿತು.

ಎನಾಮಲ್ ಇದೆಯಲ್ಲ, ಅದು ಒದ್ದೆ ಬಟ್ಟೆ ಆರಿದ ಹಾಗೆ ಆರುವುದಿಲ್ಲ. ಗಾಳಿಯಲ್ಲಿರೋ ಆಕ್ಸಿಜನ್ ಹಿಡಿದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಡಬ್ಬಿ ಮೇಲೆ 8 ಗಂಟೆ ಅಂತ ಬರೆದಿತ್ತು. ಡಬ್ಬಿಗೆ ಬೆಂಗಳೂರಿನ ಸೆಪ್ಟೆಂಬರ್ ಮಳೆಯೂ ಗೊತ್ತಿಲ್ಲ, ನಮ್ಮ ಮಾವನವರೂ ಗೊತ್ತಿಲ್ಲ.

ಮೊದಲ ಕೋಟು ಹಚ್ಚಿ ಕೈ ತೊಳೆದು ಬರುವಷ್ಟರಲ್ಲಿ ಅವರು ಟೀಪಾಯಿ ಮೇಲೆ ಬಗ್ಗಿ ನಿಂತಿದ್ದರು.

"ಮಾವ, ಹಸಿ ಇದೆ, ಮುಟ್ಟಬೇಡಿ."

"ಗೊತ್ತಮ್ಮಾ. ಎಷ್ಟು ಹಸಿ ಇದೆ ಅಂತ ನೋಡ್ತಿದೀನಿ, ಅಷ್ಟೇ."

ನೋಡಿದರು. ಹೆಬ್ಬೆಟ್ಟಿಗೆ ಹತ್ತಿದ ಬಣ್ಣವನ್ನು ತೋರುಬೆರಳಿಗೆ ತಾಗಿಸಿ, ಮೆಲ್ಲಗೆ ಬಿಡಿಸಿ, ಕಿಟಕಿ ಬೆಳಕಿಗೆ ಹಿಡಿದರು. "ಇನ್ನೂ ಆಗಿಲ್ಲ" ಎಂದು ತೀರ್ಪು ಕೊಟ್ಟು, ಆ ಕೈಯನ್ನು ಬಾಗಿಲ ಪರದೆಗೆ ಒರೆಸಿದರು.

ಆಮೇಲೆ ಇದು ದಿನಚರಿಯೇ ಆಯಿತು. ಸಂಧ್ಯಾವಂದನೆಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ. ವಾರ್ತೆ ನಡುವೆ ಜಾಹೀರಾತು ಬಂದಾಗ. ರಾತ್ರಿ ಬಾತ್‌ರೂಮಿಗೆ ಎದ್ದಾಗ. ಮುಟ್ಟಿದ ಜಾಗವನ್ನೇ ಮುಟ್ಟಿದ್ದರೆ ನಾನೂ ಸುಮ್ನಿರುತ್ತಿದ್ದೆ. ಒಂದು ಕಡೆ ಒಣಗಿದರೆ ಇನ್ನೊಂದು ಕಡೆಯೂ ಒಣಗಿರಬೇಕು ಅಂತೇನಿಲ್ಲವಲ್ಲ ಎಂಬುದು ಅವರ ವಾದ. ಹಾಗಾಗಿ ಸುತ್ತಲೂ ಮುಟ್ಟುತ್ತಾರೆ. ಸೈಟ್ ರಿಜಿಸ್ಟರ್ ಮಾಡಿಸುವಾಗಲೂ ಇಷ್ಟು ಹೆಬ್ಬೆಟ್ಟು ಒತ್ತಿರಲಿಲ್ಲ ನಾವು.

'ಹಸಿ ಬಣ್ಣ, ಮುಟ್ಟಬೇಡಿ' ಅಂತ ಚೀಟಿ ಬರೆದು ಪಕ್ಕದಲ್ಲಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಚೀಟಿ ನಿನ್ನೆಯದ್ದಿರಬಹುದು ಅಂತ ಮುಟ್ಟಿ ನೋಡಿದರು.

ಗುರುತು ಬಿದ್ದ ಕಡೆ ಉಜ್ಜಬೇಕು, ಮತ್ತೆ ಹಚ್ಚಬೇಕು, ಮತ್ತೆ ಕಾಯಬೇಕು. ಈಗ ಎಷ್ಟನೇ ಕೋಟೋ ನನಗೂ ಲೆಕ್ಕವಿಲ್ಲ. ಹೆಬ್ಬೆಟ್ಟಿನದ್ದು ಮಾತ್ರ ಇದೆ. ನಮ್ಮವರ ಹತ್ತಿರ ಹೇಳಿಕೊಂಡರೆ, "ಬಿಡು, ಡಿಸೈನ್ ಅಂದ್ಕೋ" ಎಂದು ಮಗ್ಗುಲು ಬದಲಿಸಿದರು. ಅಪ್ಪನ ಮಗ.

ನಿದ್ದೆ ಬರಲಿಲ್ಲ. ಆ ಹೆಬ್ಬೆಟ್ಟು, ಆ ತೋರುಬೆರಳು, ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿಯೋ ರೀತಿ, ಇದನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಅನ್ನಿಸುತ್ತಿತ್ತು. ಮಧ್ಯರಾತ್ರಿ ಹೊಳೆಯಿತು. ಮೈಸೂರುಪಾಕ್! ದೀಪಾವಳಿಗೆ ಅತ್ತೆ ಒಲೆ ಮುಂದೆ ನಿಂತು, ಸೌಟು ಬಿಡದೆ "ರೀ, ಎಳೆ ಬಂತಾ ನೋಡಿ" ಅಂತ ಕೂಗುತ್ತಿದ್ದರು. ಮಾವನವರು ಪೇಪರ್ ಮಡಚಿಟ್ಟು ಬರುತ್ತಿದ್ದರು. ಅಡುಗೆಮನೆಯಲ್ಲಿ ಅವರಿಗಿದ್ದ ಕೆಲಸ ಅದೊಂದೇ. ಅವರು "ಹ್ಞೂಂ" ಅನ್ನದೆ ಅತ್ತೆ ಕಡಲೆಹಿಟ್ಟು ಹಾಕುತ್ತಿರಲಿಲ್ಲ. ಅತ್ತೆ ಹೋಗಿ ಮೂರು ದೀಪಾವಳಿ ಆಯಿತು. ಈಗ ಮೈಸೂರುಪಾಕ್ ಅಂಗಡಿಯಿಂದ ಡಬ್ಬಿಯಲ್ಲಿ ಬರುತ್ತೆ.

ಹಾಗಂತ ನನ್ನ ಕೋಪ ಇಳಿಯಿತು ಅಂದ್ಕೋಬೇಡಿ. ಇವತ್ತು ಹನ್ನೊಂದನೆಯದನ್ನು ಉಜ್ಜಿ ತೆಗೆಯುವಷ್ಟರಲ್ಲಿ 220ನೇ ನಂಬರಿನ ಕಾಗದ ಮುಗಿದೇ ಹೋಯಿತು. ಡಬ್ಬಿ ತಳದಲ್ಲಿದ್ದ ಬಣ್ಣವನ್ನು ಕೆರೆದು ಹಚ್ಚಿದೆ. ಮಾವನವರು ಕೈ ಹಿಂದೆ ಕಟ್ಟಿಕೊಂಡು, ಕ್ಯಾಲೆಂಡರ್ ನೋಡುತ್ತಿರುವವರ ಹಾಗೆ ಬಾಗಿಲಲ್ಲಿ ನಿಂತಿದ್ದರು. ಬ್ರಶ್ಶು ಕೆಳಗಿಟ್ಟೆ.

"ಮಾವ, ಎಳೆ ಬಂತಾ ನೋಡಿ."

ತಕ್ಷಣ ಬಂದರು. ಸರಿಯಾಗಿ ಮಧ್ಯಕ್ಕೆ ಒತ್ತಿ, ಬೆರಳು ಬಿಡಿಸಿ, ಬೆಳಕಿಗೆ ಹಿಡಿದರು.

"ಇಲ್ಲಮ್ಮಾ, ಇನ್ನೊಂದು ಕುದಿ ಬರ್ಲಿ."

ಹನ್ನೆರಡು.