ಫೋನ್ ಕದ್ದರೆ ಹುಡುಕುತ್ತಾ ಓಡಬೇಡಿ, ಮೊದಲು ಫೋನ್ ಲಾಕ್ ಮಾಡಿ, ಆಮೇಲೆ ಸಿಮ್ ಕಡೆ ನೋಡಿ

ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲಲ್ಲಿ ಬಸ್ ಹತ್ತುವಾಗ ಜೇಬಿನ ಫೋನ್ ಮಾಯವಾದರೆ ಹೆಚ್ಚಿನವರು ಮಾಡುವುದು ಇಷ್ಟೇ. ಬಸ್ ಇಳಿದು ನಿಂತಿದ್ದ ಜಾಗಕ್ಕೆ ವಾಪಸ್ ಓಡುತ್ತಾರೆ, ಅಂಗಡಿಯವರನ್ನು ಕೇಳುತ್ತಾರೆ, ಸಿಕ್ಕವರ ಫೋನಿನಿಂದ ಮೇಲಿಂದ ಮೇಲೆ ರಿಂಗ್ ಕೊಡುತ್ತಾರೆ. ಸ್ವಿಚ್ ಆಫ್ ಅಂತ ಬಂದ ಮೇಲೆ ಮನೆಗೆ ಹೋಗಿ ಬೈಸಿಕೊಳ್ಳುತ್ತಾರೆ. ಬ್ಯಾಂಕಿನ ನೆನಪಾಗುವುದು ರಾತ್ರಿಗೆ. ಹದಿನೈದು ಸಾವಿರದ ಫೋನ್ ಹೋಗಿದ್ದು ನಷ್ಟವೇ ಹೌದು. ಆದರೆ ಅದರೊಳಗಿನ ಸಿಮ್ಮಿಗೆ ಅಂಟಿಕೊಂಡಿರುವ ಖಾತೆಯಲ್ಲಿ ಎಷ್ಟಿದೆ ಅನ್ನುವುದನ್ನು ಮೊದಲು ಯೋಚಿಸಬೇಕು.

ಒಂದೆರಡು ಸಲ ರಿಂಗ್ ಕೊಡಿ, ತಪ್ಪಿಲ್ಲ. ಯಾರೂ ಎತ್ತದಿದ್ದರೆ ಪಕ್ಕದವರ ಫೋನ್ ಕೇಳಿ ಪಡೆದು ಮೊದಲು ನಿಮ್ಮ ಫೋನನ್ನು ದೂರದಿಂದಲೇ ಲಾಕ್ ಮಾಡಿ. ಸಿಮ್ ಬ್ಲಾಕ್ ಅದರ ನಂತರ. ಈ ಅನುಕ್ರಮಕ್ಕೆ ಕಾರಣವಿದೆ: ಲಾಕ್ ಆಗು ಅನ್ನುವ ಆದೇಶ ನಿಮ್ಮ ಫೋನಿಗೆ ತಲುಪುವುದು ಇಂಟರ್ನೆಟ್ ಮೂಲಕ. ಸಿಮ್ ಮೊದಲೇ ಬ್ಲಾಕ್ ಆದರೆ ಡೇಟಾ ನಿಲ್ಲುತ್ತದೆ, ಆದೇಶ ದಾರಿಯಲ್ಲೇ ಉಳಿಯುತ್ತದೆ. ಆಂಡ್ರಾಯ್ಡ್ ಆದರೆ ಬ್ರೌಸರ್‌ನಲ್ಲಿ ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಲಾಕ್ ಎಂಬ ಪುಟ ತೆರೆದರೆ ಬರೀ ಫೋನ್ ನಂಬರ್ ಹಾಕಿ ಲಾಕ್ ಮಾಡಬಹುದು, ಗೂಗಲ್ ಪಾಸ್‌ವರ್ಡ್ ಬೇಡ. ಆದರೆ ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿರುವ ಥೆಫ್ಟ್ ಪ್ರೊಟೆಕ್ಷನ್‌ನಲ್ಲಿ ರಿಮೋಟ್ ಲಾಕ್ ಅನ್ನು ಮೊದಲೇ ಆನ್ ಮಾಡಿಟ್ಟಿರಬೇಕು. ಐಫೋನ್ ಆದರೆ ಐಕ್ಲೌಡ್ ಡಾಟ್ ಕಾಮ್ ಸ್ಲ್ಯಾಶ್ ಫೈಂಡ್. ಅಲ್ಲಿ ಕೋಡ್ ಬರಲಿ ಅಂತ ಕದ್ದ ಫೋನನ್ನೇ ಕಾಯಬೇಕಿಲ್ಲ, ಆಪಲ್ ಅಕೌಂಟ್ (ಹಿಂದಿನ ಹೆಸರು ಆಪಲ್ ಐಡಿ) ಮತ್ತು ಪಾಸ್‌ವರ್ಡ್ ಸಾಕು. ಎರಡು ನಿಮಿಷ ಪ್ರಯತ್ನಿಸಿ. ಆಗಲಿಲ್ಲವೋ, ಅಲ್ಲಿಗೆ ಬಿಟ್ಟು ಸಿಮ್ ಬ್ಲಾಕ್ ಮಾಡಿಸಿ. ಅದೇ ಕಂಪನಿಯ ಸಿಮ್ ಇರುವ ಇನ್ನೊಬ್ಬರ ಫೋನಿನಿಂದ ಕಸ್ಟಮರ್ ಕೇರ್‌ಗೆ ಮಾಡಿದರೆ ಬೇಗ ಸಿಗುತ್ತದೆ.

ಆಮೇಲೆ ಬ್ಯಾಂಕ್. ಯುಪಿಐ, ಮೊಬೈಲ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಮೂರನ್ನೂ ಹೆಸರಿಟ್ಟು ನಿಲ್ಲಿಸಲು ಹೇಳಿ, ದೂರಿನ ಸಂಖ್ಯೆ ಮತ್ತು ಸಮಯ ಬರೆದುಕೊಳ್ಳಿ. ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ. ಕಸ್ಟಮರ್ ಕೇರ್ ಹೆಸರಿನಲ್ಲಿ ವಂಚಕರು ನಂಬರ್ ಹಾಕಿ ಕಾದಿರುತ್ತಾರೆ, ಗಾಬರಿಯಲ್ಲಿರುವವರೇ ಅವರಿಗೆ ಬೇಕು. ಕಾರ್ಡಿನ ಹಿಂಭಾಗ, ಪಾಸ್‌ಬುಕ್, ಬ್ಯಾಂಕಿನ ಸ್ವಂತ ವೆಬ್‌ಸೈಟ್ ಇವುಗಳಲ್ಲಿರುವ ನಂಬರೇ ಆಗಬೇಕು. ಹಣ ಆಗಲೇ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವುದರೊಳಗೆ ತಡೆಯಲು ಇರುವ ಸಹಾಯವಾಣಿ ಅದು, ತಡವಾದಷ್ಟೂ ಉಪಯೋಗ ಕಡಿಮೆ. ದೂರಿನ ಸಮಯ ಬರೆದುಕೊಳ್ಳಿ ಅಂದೆನಲ್ಲ, ಅದು ಮುಂದೆ ಕೆಲಸಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಬ್ಯಾಂಕಿನ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಹೊಣೆ ಇಲ್ಲ. ನಿಮ್ಮದೇ ಅಜಾಗ್ರತೆ ಇದ್ದರೂ, ನೀವು ತಿಳಿಸಿದ ನಂತರ ಹೋದ ಹಣ ಬ್ಯಾಂಕಿನ ಹೊಣೆ.

ಫೋನ್ ಲಾಕ್ ಇದೆ, ಕಳ್ಳ ಏನು ಮಾಡಿಯಾನು ಅಂತ ಕೇಳುವವರಿದ್ದಾರೆ. ಅವನಿಗೆ ನಿಮ್ಮ ಫೋನ್ ತೆರೆಯುವ ಅಗತ್ಯವೇ ಇಲ್ಲ. ಒಂದು ಪಿನ್ ಚುಚ್ಚಿ ಸಿಮ್ ಟ್ರೇ ಹೊರಗೆಳೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಓಟಿಪಿಗಳೆಲ್ಲ ಅವನಿಗೆ ಬರುತ್ತವೆ. ಯುಪಿಐ ಆ್ಯಪ್ ಆ ಸಿಮ್ಮಿನಿಂದ ಎಸ್‌ಎಂಎಸ್ ಹೋಯಿತೇ ಅಂತ ನೋಡಿ ನಂಬರನ್ನು ಒಪ್ಪಿಕೊಳ್ಳುತ್ತದೆ. ಹೊಸ ಯುಪಿಐ ಪಿನ್ ಇಡಲು ಇನ್ನು ಬೇಕಾಗುವುದು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ. ಈಗ ನಿಮ್ಮ ಫೋನಿನ ಹಿಂದಿನ ಕವರ್ ಬಿಚ್ಚಿ ನೋಡಿ. ಒಂದು ಎಟಿಎಂ ಕಾರ್ಡ್, ಮಡಚಿದ ಐನೂರರ ನೋಟು, ಕೆಲವರಲ್ಲಿ ಆಧಾರ್ ಕಾರ್ಡಿನ ಸಣ್ಣ ಪ್ರತಿಯೂ ಅಲ್ಲೇ ಇರುತ್ತದೆ. ಸಿಮ್, ಕಾರ್ಡಿನ ಅಂಕಿ, ಅದರ ಅವಧಿ, ಕಳ್ಳನಿಗೆ ಬೇಕಾದ ಮೂರೂ ಒಂದೇ ಕಡೆ ಸಿಕ್ಕಂತಾಯಿತು. ಈ ಬರಹದಿಂದ ಒಂದೇ ಒಂದು ಕೆಲಸ ಮಾಡುವುದಿದ್ದರೆ ಆ ಕಾರ್ಡನ್ನು ಅಲ್ಲಿಂದ ಇವತ್ತೇ ತೆಗೆಯಿರಿ ಅಂತ ಕೈಮುಗಿದು ಕೇಳುತ್ತೇನೆ.

ಎರಡನೆಯ ಕೆಲಸ ಸಿಮ್ಮಿಗೆ ಪಿನ್ ಇಡುವುದು. ಫೋನಿನ ಲಾಕ್ ಬೇರೆ, ಇದು ಬೇರೆ. ಸಿಮ್ ಪಿನ್ ಇಟ್ಟರೆ ಸಿಮ್ಮನ್ನು ಯಾವ ಫೋನಿಗೆ ಹಾಕಿದರೂ ಪಿನ್ ಕೇಳುತ್ತದೆ, ಗೊತ್ತಿಲ್ಲದವನಿಗೆ ಅದು ಬರೀ ಪ್ಲಾಸ್ಟಿಕ್ ಚೂರು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಹುಡುಕಿ. ಆನ್ ಮಾಡುವಾಗ ಕಂಪನಿಯ ಮೂಲ ಪಿನ್ ಕೇಳುತ್ತದೆ, ಅದನ್ನು ಊಹಿಸಲು ಹೋಗಬೇಡಿ, ಕಸ್ಟಮರ್ ಕೇರ್‌ನಲ್ಲಿ ಕೇಳಿ. ಮೂರು ಸಲ ತಪ್ಪಾದರೆ ಸಿಮ್ ಲಾಕ್ ಆಗಿ, ಅದನ್ನು ಬಿಡಿಸಲು ಪಿಯುಕೆ ಎಂಬ ಸಂಖ್ಯೆ ಬೇಕಾಗುತ್ತದೆ. ಅದನ್ನೂ ಹತ್ತು ಸಲ ತಪ್ಪಾಗಿ ಹಾಕಿದರೆ ಆ ಸಿಮ್ ಮುಗಿಯಿತು, ಹೊಸದೇ ಬೇಕು. ಮೂಲ ಪಿನ್ ಹಾಕಿ ಆನ್ ಆದ ಮೇಲೆ ನಿಮ್ಮದೇ ಪಿನ್‌ಗೆ ಬದಲಾಯಿಸಲು ಮರೆಯಬೇಡಿ. ಫೋನ್ ರೀಸ್ಟಾರ್ಟ್ ಆದಾಗಲೆಲ್ಲ ಪಿನ್ ಹೊಡೆಯಬೇಕು, ಅಷ್ಟೇ ತೊಂದರೆ. ಜೊತೆಗೆ ಲಾಕ್ ಸ್ಕ್ರೀನಿನ ಮೇಲೆ ಮೆಸೇಜಿನ ಒಳಗಿನ ಅಕ್ಷರ ಕಾಣದಂತೆ ಮಾಡಿ. ಸಣ್ಣ ಪಾವತಿಗೆಂದು ಯುಪಿಐ ಆ್ಯಪ್‌ನಲ್ಲೇ ಇರುವ ಯುಪಿಐ ಲೈಟ್‌ನಲ್ಲಿ 5,000 ರೂಪಾಯಿವರೆಗೆ ಇಡಬಹುದು, ಒಮ್ಮೆಗೆ 1,000ದವರೆಗಿನ ಪಾವತಿಗೆ ಪಿನ್ ಕೇಳುವುದಿಲ್ಲ. ಕೈಯಲ್ಲಿ ಎಷ್ಟು ನಗದು ಇಟ್ಟುಕೊಳ್ಳುತ್ತೀರೋ ಅಷ್ಟನ್ನೇ ಅಲ್ಲೂ ಇಡಿ.

ಪೊಲೀಸ್ ಠಾಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಕದ್ದದ್ದನ್ನು ‘ಕಳೆದುಹೋಗಿದೆ’ ಅಂತ ಬರೆದುಕೊಡಬೇಡಿ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಇರುವುದು ಕಳೆದ ವಸ್ತುಗಳಿಗೆ. ಡೂಪ್ಲಿಕೇಟ್ ಸಿಮ್, ದಾಖಲೆ ಪಡೆಯಲು ಆ ರಸೀದಿ ಸಾಕು. ಆದರೆ ಅದು ಎಫ್‌ಐಆರ್ ಅಲ್ಲ, ಅದರ ಮೇಲೆ ತನಿಖೆ ನಡೆಯುವುದಿಲ್ಲ. ಜೇಬಿಗೆ ಕೈ ಹಾಕಿ ಕದ್ದದ್ದು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋದದ್ದು 304ನೇ ಕಲಂ. ಎಲ್ಲಿ ಕದ್ದರು ಅನ್ನುವುದರ ಮೇಲೆ ‘ನಮ್ಮ ವ್ಯಾಪ್ತಿ ಅಲ್ಲ’ ಅಂದರೆ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಜೀರೋ ಎಫ್‌ಐಆರ್ ಕೇಳಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ, ಎಫ್‌ಐಆರ್ ಪ್ರತಿಯನ್ನೂ ಉಚಿತವಾಗಿ ಕೊಡಬೇಕು ಅನ್ನುತ್ತದೆ. ರೈಲಿನಲ್ಲಿ ಕದ್ದರೆ ನಡುವೆ ಇಳಿಯಬೇಕಿಲ್ಲ. 139ಕ್ಕೆ ಕರೆ ಮಾಡಿ, ಟಿಟಿಇ ಹತ್ತಿರ ದೂರಿನ ಫಾರಂ ಪಡೆದು ತುಂಬಿ ಕೊಡಿ.

ಡೂಪ್ಲಿಕೇಟ್ ಸಿಮ್ ಅದೇ ದಿನ ತೆಗೆದುಕೊಳ್ಳಿ. ಹೊಸ ಸಿಮ್ ಚಾಲೂ ಆದರೂ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಬೇರೆಯವರ ನಂಬರಿಗೆ ಡೂಪ್ಲಿಕೇಟ್ ಸಿಮ್ ಪಡೆಯುವ ವಂಚಕರನ್ನು ತಡೆಯಲು ಮಾಡಿದ ನಿಯಮ, ಹಾಗಾಗಿ ಅಂಗಡಿಯವರ ಜೊತೆ ಜಗಳ ಬೇಡ. ಎಸ್‌ಎಂಎಸ್ ಶುರುವಾದ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನ ಸಿಇಐಆರ್ ವಿಭಾಗದಲ್ಲಿ ಫೋನನ್ನು ಬ್ಲಾಕ್ ಮಾಡಿಸಿ. ಬೇಕಾಗುವುದು ಐಎಂಇಐ, ಬಿಲ್, ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ ಮತ್ತು ಓಟಿಪಿ. ಐಎಂಇಐ ಅಂದರೆ ಫೋನಿನ 15 ಅಂಕಿಯ ಗುರುತಿನ ಸಂಖ್ಯೆ, ಎರಡು ಸಿಮ್ಮಿನ ಫೋನಿಗೆ ಎರಡು ಇರುತ್ತವೆ, ಎರಡನ್ನೂ ಹಾಕಬೇಕು. *#06# ಒತ್ತಿದರೆ ಕಾಣುತ್ತದೆ, ಬಾಕ್ಸ್ ಮೇಲೂ ಇರುತ್ತದೆ. ಇದನ್ನೂ ಬಿಲ್ಲನ್ನೂ ಫೋಟೋ ತೆಗೆದು ಮನೆಯವರ ಫೋನಿಗೆ ಈಗಲೇ ಕಳಿಸಿಡಿ. ಬ್ಲಾಕ್ ಆದ ಫೋನು ನಮ್ಮ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯುವುದಿಲ್ಲ. ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಫೋನ್ ಸಿಕ್ಕ ಮೇಲೆ, ಬ್ಲಾಕ್ ಮಾಡಿಸಿದಾಗ ಕೊಟ್ಟ ರಿಕ್ವೆಸ್ಟ್ ಐಡಿ ಹಾಕಿ ಅನ್‌ಬ್ಲಾಕ್ ಮಾಡಿಸಬೇಕು, ಅದನ್ನು ಜೋಪಾನ ಮಾಡಿ.

ಕೆಲವು ದಿನ ಬಿಟ್ಟು ‘ನಿಮ್ಮ ಫೋನ್ ಸಿಕ್ಕಿದೆ, ಎಲ್ಲಿದೆ ನೋಡಲು ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬರಬಹುದು. ಅದನ್ನು ಕಳಿಸುವವನು ಕಳ್ಳನ ಕಡೆಯವನು. ನಿಮ್ಮ ಅಕೌಂಟ್ ಲಾಕ್ ಇರುವ ಫೋನು ಅವನಿಗೆ ಬಿಡಿಭಾಗದ ಬೆಲೆಗೆ ಮಾತ್ರ ಹೋಗುತ್ತದೆ, ಪೂರ್ತಿ ಬೆಲೆ ಬೇಕಾದರೆ ನಿಮ್ಮ ಪಾಸ್‌ವರ್ಡ್ ಬೇಕು. ಇದೇ ಕಾರಣಕ್ಕೆ ಕಳೆದ ಫೋನನ್ನು ನಿಮ್ಮ ಆಪಲ್ ಅಥವಾ ಗೂಗಲ್ ಅಕೌಂಟಿನಿಂದ ತೆಗೆದುಹಾಕಲೂ ಬಾರದು.

ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರಿಗೂ ಒಂದು ಮಾತು. ಹಣ ಕೊಡುವ ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ, ಒಂದು ಜಾಗ ಬಿಟ್ಟು ಆ ಫೋನಿನ ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲಾಕ್ ಆಗಿದೆ, ಡೂಪ್ಲಿಕೇಟ್ ಅಥವಾ ಆಗಲೇ ಬಳಕೆಯಲ್ಲಿದೆ ಅಂತ ಉತ್ತರ ಬಂದರೆ ಅದನ್ನು ಮುಟ್ಟಬೇಡಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಅದು ನ್ಯಾಯ ಸಂಹಿತೆಯ 317ನೇ ಕಲಂನ ಅಪರಾಧ.