ರಾಯಲ್ ಸರ್ಕಲ್‌ನಿಂದ ಹತ್ತೇ ನಿಮಿಷ

ಮೊದಲು ನಮ್ಮ ಕಡೆ ದೂರ ಅಳೆಯಲು ಹರದಾರಿ ಇತ್ತು. ಆಮೇಲೆ ಮೈಲು ಬಂತು, ಕಿಲೋಮೀಟರ್ ಬಂತು. ಈಗ ಬಳ್ಳಾರಿಯಲ್ಲಿ ಚಾಲ್ತಿಯಲ್ಲಿರುವ ಅಳತೆ ಒಂದೇ, ಹತ್ತು ನಿಮಿಷ. ಹೊಸಪೇಟೆ ರಸ್ತೆಯ ಲೇಔಟ್ ರಾಯಲ್ ಸರ್ಕಲ್‌ನಿಂದ ಹತ್ತು ನಿಮಿಷ. ಸಿರುಗುಪ್ಪ ರಸ್ತೆಯದೂ ಹತ್ತು ನಿಮಿಷ. ಮೋಕಾ ರಸ್ತೆ, ಸಂಗನಕಲ್ಲು ರಸ್ತೆ, ರೂಪನಗುಡಿ ರಸ್ತೆ, ಯಾವ ದಿಕ್ಕಿಗೆ ಹೋದರೂ ಹತ್ತೇ ನಿಮಿಷ. ಬೋರ್ಡುಗಳನ್ನು ನಂಬುವುದಾದರೆ ನಮ್ಮೂರನ್ನು ಯಾರೋ ಕೈವಾರದಲ್ಲಿ ಗೆರೆ ಎಳೆದು ಮಾಡಿದ್ದಾರೆ. ಕೈವಾರದ ಮುಳ್ಳು ಚುಚ್ಚಿದ್ದು ರಾಯಲ್ ಸರ್ಕಲ್ ನಡುವೆ. ಅಲ್ಲಿ ಗಾಡಿಗಳು ನಿಂತಲ್ಲೇ ನಿಲ್ಲುವುದು ಬಹುಶಃ ಆ ತೂತಿನಿಂದಲೇ ಇರಬೇಕು.

ಇದೆಲ್ಲ ಗೊತ್ತಾಗಿದ್ದು ನಾವು ಮನೆ ಬದಲಾಯಿಸಲು ಹೊರಟ ಮೇಲೆ. ಸತ್ಯನಾರಾಯಣಪೇಟೆಯ ಬಾಡಿಗೆ ಮನೆಗೆ ಬಂದು ಒಂಬತ್ತು ವರ್ಷ ಆಯ್ತು. ಹಳೆಯ ಮನೆ. ರಾತ್ರಿ ಬೈಕ್ ಒಳಗೆ ತಂದರೆ ಅದರ ಮುಂದಿನ ಚಕ್ರ ಅಡುಗೆಮನೆಯಲ್ಲಿರುತ್ತದೆ. ನಲ್ಲಿಯಲ್ಲಿ ನೀರು ಬಂದ ದಿನ ಹಬ್ಬ. ಕೊಡ, ಬಕೆಟ್ಟು, ಕುಕ್ಕರು, ಕೊನೆಗೆ ಮಗಳ ಟಿಫಿನ್ ಡಬ್ಬಿಗೂ ನೀರು ತುಂಬಿ ಇಡುತ್ತೇವೆ. ಆದರೆ ನಾನು ಲೆಕ್ಕ ಬರೆಯುವ ಅಂಗಡಿ ಬೆಂಗಳೂರು ರಸ್ತೆಯಲ್ಲಿದೆ. ನಡೆದುಕೊಂಡು ಹೊರಟು, ದಾರಿಯಲ್ಲಿ ನಿಂತು ವಗ್ಗರಣಿ-ಮಿರ್ಚಿ ತಿಂದು, ಮಿರ್ಚಿಯ ಖಾರಕ್ಕೆ ಒಂದು ಚಹಾ ಕುಡಿದು ಹೋದರೂ ಅರ್ಧ ಗಂಟೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದ ದಿನಾ ಎರಡು ಗಂಟೆ ಬಸ್ಸಿನಲ್ಲಿ ಕೂತು ಆಫೀಸಿಗೆ ಹೋಗುವವನು. ನಾವು ಮನೆ ಬಿಡುವ ಸುದ್ದಿ ಕೇಳಿ ಫೋನಿನಲ್ಲೇ ಗಾಬರಿಯಾದ. "ಭಾವ, ತಲಿ ಗಿಲಿ ಕೆಟ್ಟೈತೇನು ನಿಮಗ? ಆಫೀಸಿಗೆ ನಡಕೊಂಡು ಹೋಗೋ ಮನುಷ್ಯನ್ನ ನಾನು ಟಿವಿಯಾಗೂ ನೋಡಿಲ್ಲ."

ಅವನಿಗೇನು ಗೊತ್ತು? ಬಳ್ಳಾರಿಯಲ್ಲಿ ನಲವತ್ತು ದಾಟಿದ ಗಂಡಸಿಗೆ ಎರಡೇ ಪ್ರಶ್ನೆ ಕೇಳುತ್ತಾರೆ. ಷುಗರ್ ಎಷ್ಟು, ಸೈಟ್ ಎಲ್ಲಿ? ಎರಡಕ್ಕೂ ಉತ್ತರ ಇಲ್ಲದವನ ಪಕ್ಕದಲ್ಲಿ ಮದುವೆ ಊಟಕ್ಕೆ ಯಾರೂ ಕೂರುವುದಿಲ್ಲ. ನನಗೆ ಷುಗರ್ ಇನ್ನೂ ಬಂದಿಲ್ಲ. ಹಾಗಾಗಿ ಸೈಟಾದರೂ ಮಾಡಲೇಬೇಕಾಯಿತು.

ಎಲ್ಲಿ ತೆಗೆದುಕೊಳ್ಳೋಣ ಅಂತ ನಾಲ್ಕು ಜನರನ್ನು ಕೇಳಿದೆ. ನಾಲ್ವರೂ ತಾವು ತೆಗೆದುಕೊಂಡ ಲೇಔಟನ್ನೇ ಹೇಳಿದರು. ಕೆರೆಯಲ್ಲಿ ಮುಳುಗುತ್ತಿರುವವನು ದಡದಲ್ಲಿದ್ದವನಿಗೆ ‘ನೀರು ಬೆಚ್ಚಗಿದೆ, ಬಾ’ ಅಂದ ಹಾಗೆ. ತೋರಣಗಲ್ಲಿನ ಕಾರ್ಖಾನೆಗೆ ದಿನಾ ಸುಮಾರು 30 ಕಿಲೋಮೀಟರ್ ಹೋಗಿ ಬರುವ ನನ್ನ ತಮ್ಮ ಹೊಸಪೇಟೆ ರಸ್ತೆಯೇ ಬೆಸ್ಟ್ ಅಂದ. ಅವನು ಬಿಳಿ ಅಂಗಿ ಹಾಕಿದ್ದು ಮದುವೆ ದಿನವೇ ಕೊನೆ. ಆ ರಸ್ತೆಯ ಕೆಂಪು ಧೂಳಿಗೆ ಬಿಳಿ ಅನ್ನುವ ಬಣ್ಣ ಕಂಡರೆ ಆಗುವುದಿಲ್ಲ.

ಏಜೆಂಟ್ ಭಾನುವಾರ ಮನೆ ಬಾಗಿಲಿಗೇ ಕಾರು ತಂದ. ಏಪ್ರಿಲ್ ತಿಂಗಳು. ಬಳ್ಳಾರಿಯ ಏಪ್ರಿಲ್‌ನಲ್ಲಿ ನಿಮ್ಮನ್ನು ಎ.ಸಿ. ಕಾರಿನಲ್ಲಿ ಕೂರಿಸಿ, ಕೈಗೆ ತಣ್ಣನೆ ಮಜ್ಜಿಗೆ ಕೊಟ್ಟವರು ಸೈಟೇನು, ಗುಡ್ಡ ಮಾರಿದರೂ ಕೊಂಡುಬಿಡುತ್ತೀರಿ. (ಗುಡ್ಡ ಮಾರಿದ ಊರೇ ಅಲ್ವಾ ಇದು.) "ಸರ್, ಟೈಮ್ ನೋಡ್ಕೊಳ್ರಿ, ರಾಯಲ್ ಸರ್ಕಲ್‌ನಿಂದ ಹತ್ತ ನಿಮಿಷ" ಅಂದ. ನಾನು ಲೆಕ್ಕ ಬರೆಯುವವನು, ನೋಡಿಕೊಂಡೆ. ಆಗ ಬೆಳಿಗ್ಗೆ ಆರೂವರೆ. ರಸ್ತೆಯಲ್ಲಿ ಇದ್ದದ್ದು ನಾವು, ಒಬ್ಬ ಹಾಲಿನವನು, ನಡುರಸ್ತೆಯಲ್ಲಿ ಮಲಗಿದ್ದ ಮೂರು ಎಮ್ಮೆ. ಲೇಔಟಿನ ಕಮಾನು ತಲುಪಿದಾಗ 17 ನಿಮಿಷ ಆಗಿತ್ತು.

"ಹದಿನೇಳು ಆಯ್ತಲ್ಲ?" ಅಂದೆ.

"ಎಮ್ಮಿ ಕಳೀರಿ ಸರ್."

ಎಮ್ಮೆ ಕಳೆದೆ. ಹದಿನೈದು.

"ನಡುವ ನನಗ ಒಂದು ಫೋನ್ ಬಂತಲ್ರಿ, ಗಾಡಿ ಸ್ಲೋ ಮಾಡಿದ್ದೆ. ಅದನ್ನೂ ಕಳೀರಿ. ಹೈವೇ ಕೆಲಸ ಮುಗದ ಮ್ಯಾಲೆ ನಾಕು ನಿಮಿಷ ತಾನ ಉಳೀತೈತಿ."

ಹೀಗೆ ಆಗದ್ದನ್ನೆಲ್ಲ ಕಳೆಯುತ್ತಾ ಬಂದು ಎಂಟಕ್ಕೆ ನಿಂತೆವು. "ನೋಡ್ರಿ, ಎರಡ ನಿಮಿಷ ನಿಮಗ ಲಾಭ" ಅಂತ ಅವನೇ ಖುಷಿಪಟ್ಟ. ನಾನು ಕಾರಿನ ಮೀಟರ್ ನೋಡಿದೆ. 14 ಕಿಲೋಮೀಟರ್. ಹತ್ತು ನಿಮಿಷಕ್ಕೆ 14 ಅಂದರೆ ಗಂಟೆಗೆ 84. ದಿನಾ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿಕೊಂಡು, ಹ್ಯಾಂಡಲ್‌ಗೆ ಟಿಫಿನ್ ಚೀಲ ನೇತುಹಾಕಿಕೊಂಡು, ಮೋತಿ ಸರ್ಕಲ್‌ವರೆಗೂ 84ರಲ್ಲಿ ಹೋಗಬೇಕು.

ಲೇಔಟ್ ಚೆನ್ನಾಗಿಯೇ ಇತ್ತು. ಕಮಾನು ಇತ್ತು. ಕಮಾನಿನ ಎರಡೂ ಕಡೆ ಸಿಮೆಂಟಿನ ಆನೆ ಇದ್ದವು. ಹೆಸರಿನಲ್ಲಿ ಗ್ರೀನ್ ಇತ್ತು, ವ್ಯಾಲಿ ಇತ್ತು. ನೆಲದಲ್ಲಿ ಬಳ್ಳಾರಿ ಜಾಲಿ ಇತ್ತು. ಇಡೀ ಕರ್ನಾಟಕದಲ್ಲಿ ಈ ಮುಳ್ಳಿನ ಗಿಡವನ್ನು ನಮ್ಮೂರಿನ ಹೆಸರಿನಲ್ಲೇ ಕರೆಯುತ್ತಾರೆ. ಹಾಗಾಗಿ ‘ಹಸಿರು ಎಲ್ಲಿ?’ ಅಂತ ಕೇಳುವುದು ಊರಿಗೇ ಅವಮಾನ ಮಾಡಿದ ಹಾಗೆ. ಲೇಔಟಿನ ಒಳಗಿನ ರಸ್ತೆ 40 ಅಡಿ ಅಗಲ. ಲೇಔಟಿಗೆ ಬರುವ ರಸ್ತೆ ಎತ್ತಿನ ಬಂಡಿ ದಾರಿ. ಎದುರಿಗೆ ಒಂದು ಟ್ರ್ಯಾಕ್ಟರ್ ಬಂದರೆ ಇಬ್ಬರಲ್ಲಿ ಒಬ್ಬರು ಜೋಳದ ಹೊಲಕ್ಕೆ ಇಳಿಯಬೇಕು. ಆದರೆ ಒಮ್ಮೆ ಒಳಗೆ ಬಂದುಬಿಟ್ಟರೆ ಲಾರಿ ಎರಡು ಅಕ್ಕಪಕ್ಕ ಹೋಗುವಷ್ಟು ವಿಶಾಲ. ಹೋಗಲು ಲಾರಿಗೆ ಅಲ್ಲಿ ಮನೆಯೇ ಇಲ್ಲ, ಅದು ಬೇರೆ ವಿಷಯ.

ಸೈಟು 30–40. ನಮ್ಮಲ್ಲಿ ಇದನ್ನು ಎರಡೂಮುಕ್ಕಾಲು ಸೆಂಟು ಅಂತಲೂ ಹೇಳುತ್ತಾರೆ. 1953ರವರೆಗೆ ಮದ್ರಾಸಿಗೆ ಸೇರಿದ್ದ ಜಿಲ್ಲೆ ನಮ್ಮದು. ಮದ್ರಾಸು ಹೋಯಿತು, ಸೆಂಟು ಉಳಿಯಿತು. ಏಜೆಂಟ್ ಇದನ್ನು ಚೆನ್ನಾಗಿ ಬಳಸುತ್ತಾನೆ. ಜಾಗ ಹೇಳುವಾಗ ‘ಸಾವಿರದ ಇನ್ನೂರು ಅಡಿ’ ಅನ್ನುತ್ತಾನೆ, ರೇಟು ಹೇಳುವಾಗ ‘ಬರೀ ಎರಡೂಮುಕ್ಕಾಲು ಸೆಂಟಿಗೆ ಏನ್ ಚೌಕಾಸಿ ಮಾಡ್ತೀರಿ ಸರ್’ ಅನ್ನುತ್ತಾನೆ.

ಕೈಗೆ ಕೊಟ್ಟ ಬಣ್ಣದ ಹಾಳೆಯನ್ನು ಮನೆಯಲ್ಲಿ ಕೂತು ಓದಿದೆ. ಅದರಲ್ಲಿ ಅತಿ ಕಡಿಮೆ ದೂರ ಇದ್ದದ್ದು ವಿಮಾನ ನಿಲ್ದಾಣಕ್ಕೆ, ಐದೇ ನಿಮಿಷ. ಈಗ ನಮ್ಮ ಜಿಲ್ಲೆಯಲ್ಲಿ ವಿಮಾನ ಇಳಿಯುವುದು ತೋರಣಗಲ್ಲಿನ ವಿದ್ಯಾನಗರದಲ್ಲಿ, ಉಕ್ಕಿನ ಕಾರ್ಖಾನೆಯ ಪಕ್ಕ. ಹಾಳೆಯವರು ಹೇಳುತ್ತಿರುವುದು ಅದನ್ನಲ್ಲ, ಚಾಗನೂರು–ಸಿರಿವಾರದ್ದನ್ನು. ಅಲ್ಲಿ ಜಮೀನು ತೆಗೆದುಕೊಂಡು ಹತ್ತು ವರ್ಷದ ಮೇಲಾಯಿತು. ವಿಮಾನ ಮಾತ್ರ ಇನ್ನೂ ಇಳಿದಿಲ್ಲ. ಇಲ್ಲದ ಜಾಗಕ್ಕೆ ಐದು ನಿಮಿಷ ಅಂತ ಬರೆಯುವುದರಲ್ಲಿ ಒಂದು ಅನುಕೂಲ ಇದೆ, ಯಾರೂ ಹೋಗಿ ಪರೀಕ್ಷೆ ಮಾಡುವುದಿಲ್ಲ. ಹಂಪಿಯನ್ನೂ ಹಾಕಿದ್ದರು. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಗಿ ಹಂಪಿಯನ್ನು ಕರೆದುಕೊಂಡು ಹೋಗಿದ್ದು ಹಾಳೆ ಅಚ್ಚು ಹಾಕಿಸಿದವರಿಗೆ ಯಾರೂ ಹೇಳಿಲ್ಲ. ಬಸ್ ಸ್ಟ್ಯಾಂಡ್ ಎಷ್ಟು ದೂರ, ಸ್ಕೂಲ್ ಎಷ್ಟು ದೂರ, ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದರೆ ಮೆಡಿಕಲ್ ಶಾಪ್ ಎಷ್ಟು ದೂರ, ಇವಕ್ಕೆ ಹಾಳೆಯಲ್ಲಿ ಜಾಗ ಸಾಲದಾಗಿತ್ತು.

ಮುಂದಿನ ಸಲ ಒಬ್ಬನೇ ಹೋದೆ, ಬೇರೆ ಲೇಔಟ್, ಸಿರುಗುಪ್ಪ ರಸ್ತೆ ಕಡೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಎರೆ ಭೂಮಿ. ಎರೆ ಮಣ್ಣಿನ ಗುಣ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಒಣಗಿದಾಗ ಕೈ ತೂರಿಸುವಷ್ಟು ಬಿರುಕು ಬಿಡುತ್ತದೆ, ನೆನೆದಾಗ ನಿಮ್ಮನ್ನು ಬಿಡುವುದಿಲ್ಲ. ಡಾಂಬರು ಬಿಟ್ಟು ಐವತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ, ಬೈಕ್ ನಿಂತಿತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಹಿಟ್ಟಿನ ಹಾಗೆ ಕಚ್ಚಿಕೊಂಡಿತ್ತು. ಜಾಲಿ ಕಡ್ಡಿ ಮುರಿದು ಕೆರೆದೆ. ಹತ್ತು ಹೆಜ್ಜೆ ತಳ್ಳಿದೆ, ಮತ್ತೆ ಕಚ್ಚಿತು. ಮತ್ತೆ ಕೆರೆದೆ. ಅಷ್ಟರಲ್ಲಿ ಎಡಗಾಲಿನ ಚಪ್ಪಲಿ ಹಿಂದೆ ಎಲ್ಲೋ ಉಳಿದುಹೋಗಿತ್ತು. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಅಜ್ಜ ಒಬ್ಬ ದಂಡೆಯಲ್ಲಿ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದ. "ಸೈಟ್ ನೋಡಾಕ ಬಂದ್ರೇನು?" ಅಂದ. ಹೌದು ಅಂದೆ. "ಮೊನ್ನಿ ಬಂದೋರ ಒಂದು ಬೂಟು ಅಲ್ಲೈತಿ ನೋಡು, ನಿನಗ ಆಗ್ತೈತೇನು."

ಇನ್ನು ಗೇಟು. ಅದನ್ನು ಹೇಳದೆ ಬಳ್ಳಾರಿಯ ಪ್ರಯಾಣದ ಕತೆ ಮುಗಿಯುವುದಿಲ್ಲ. ನಾನು ನೋಡಿದ ಇನ್ನೊಂದು ಲೇಔಟು ರೈಲ್ವೆ ಗೇಟಿನ ಆಚೆ. ಗೇಟ್ ತೆರೆದಿದ್ದರೆ ನಿಜವಾಗಿಯೂ ಹತ್ತು ನಿಮಿಷ, ಸುಳ್ಳು ಹೇಳಬಾರದು. ಆದರೆ ಗೇಟ್ ತೆರೆದಿದ್ದನ್ನು ನೋಡಿದವರು ಸಿಕ್ಕಬೇಕಲ್ಲ. ಅದಿರಿನ ಗೂಡ್ಸ್ ಒಂದು ಬಂತೆಂದರೆ ವ್ಯಾಗನ್ ಎಣಿಸುತ್ತಾ ನಿಲ್ಲಬೇಕು. ನಾನು ಎಣಿಸಿದೆ, 58. ಅದು ಹೋಯಿತು ಅಂತ ಕಿಕ್ ಹೊಡೆದರೆ ಎದುರಿನಿಂದ ಇನ್ನೊಂದರ ಶಿಳ್ಳೆ. ಅಷ್ಟೊತ್ತಿಗೆ ಗೇಟಿನ ಎರಡೂ ಕಡೆ ಜನ ರಸ್ತೆಯ ಎಡ-ಬಲ ಎರಡನ್ನೂ ತುಂಬಿಕೊಂಡು ನಿಂತಿರುತ್ತಾರೆ. ಗೇಟ್ ಎದ್ದ ಕೂಡಲೇ ಎರಡು ಸೈನ್ಯ ಮುಖಾಮುಖಿ. ಯಾರೂ ಹಿಂದೆ ಸರಿಯುವವರಲ್ಲ. ನಡುವೆ ಸಿಕ್ಕ ಆಟೋದವನು ಎಂಜಿನ್ ಬಂದ್ ಮಾಡಿ ಪೇಪರ್ ಓದುತ್ತಾನೆ. ಆ ಗೇಟಿನಲ್ಲಿ ಮದುವೆ ಕಾರ್ಡ್ ಹಂಚಿದ್ದನ್ನು ನೋಡಿದ್ದೇನೆ. ಮನೆಮನೆಗೆ ಹೋಗುವುದಕ್ಕಿಂತ ಸುಲಭ, ಊರೆಲ್ಲ ಅಲ್ಲೇ ಸಿಗುತ್ತದೆ.

ಕೊನೆಗೆ ಸಂಗನಕಲ್ಲು ಕಡೆ ನೋಡಿದೆವು. ಅಲ್ಲಿನ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆಯೇ, ನವಶಿಲಾಯುಗದಲ್ಲಿ, ಜನ ಊರು ಕಟ್ಟಿಕೊಂಡಿದ್ದರು. ಕಲ್ಲು ಕಡಿದು, ಉಜ್ಜಿ ಕೊಡಲಿ ಮಾಡುವ ಕೆಲಸ ಅವರದು. ಕಲ್ಲು ಅಲ್ಲೇ, ಕೆಲಸ ಅಲ್ಲೇ, ಮನೆಯೂ ಅಲ್ಲೇ. ಆಗ ಏಜೆಂಟ್ ಇರಲಿಲ್ಲ. ಇದ್ದಿದ್ದರೆ ಅವರನ್ನೂ ಎಬ್ಬಿಸಿ, 14 ಕಿಲೋಮೀಟರ್ ಆಚೆ ‘ಗುಡ್ಡಕ್ಕೆ ಹತ್ತೇ ನಿಮಿಷ’ ಅಂತ ಕಲ್ಲು ನೆಟ್ಟು ಕೊಡುತ್ತಿದ್ದ.

ಅಳತೆ ತಪ್ಪುವುದು ನಮ್ಮೂರಿಗೆ ಹೊಸದೇನೂ ಅಲ್ಲ ಬಿಡಿ. 1769ರ ಆಸುಪಾಸು ಬಳ್ಳಾರಿ ಹೈದರಾಲಿಯ ಕೈಗೆ ಬಂದಾಗ ಅವನು ಒಬ್ಬ ಫ್ರೆಂಚ್ ಎಂಜಿನಿಯರ್‌ನಿಂದ ಕೋಟೆ ಭದ್ರ ಮಾಡಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಕೋಟೆಯ ಗುಡ್ಡಕ್ಕಿಂತ ಎತ್ತರ. ಅಲ್ಲಿ ತೋಪು ಇಟ್ಟರೆ ಕೋಟೆಯ ಕತೆ ಮುಗಿಯಿತು. ಎಂಜಿನಿಯರ್‌ನನ್ನು ಗಲ್ಲಿಗೆ ಹಾಕಿದ ಅಂತ ಊರಿನ ಹಿರಿಯರು ಕತೆ ಹೇಳುತ್ತಾರೆ. ಅದು ಹಳೆಯ ಕಾಲ. ಈಗ ಅಳತೆ ತಪ್ಪು ಹೇಳಿದವನಿಗೆ ಸೈಟಿಗೆ ಇಷ್ಟು ಅಂತ ಕಮಿಷನ್ ಕೊಡುತ್ತಾರೆ.

ಇಷ್ಟೆಲ್ಲ ಸುತ್ತಿ ಬಂದು ಮನೆಯಲ್ಲಿ ಲೆಕ್ಕಕ್ಕೆ ಕೂತೆ. ಅಸಲಿಗೆ ಲೆಕ್ಕ ಮಾಡಿದ್ದು ನನ್ನ ಹೆಂಡತಿ. ಅವಳು ಕುರುಗೋಡು ಕಡೆಯ ಶಾಲೆಯೊಂದರಲ್ಲಿ ಟೀಚರ್. 2023ರ ಜೂನ್‌ನಿಂದ ಬಸ್ ಫ್ರೀ. ಈಗ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಆಧಾರ್ ಕಾರ್ಡ್ ತೋರಿಸಿ ಕೂತುಬಿಡುತ್ತಾಳೆ, ಖರ್ಚು ಸೊನ್ನೆ. ಲೇಔಟಿಗೆ ಹೋದರೆ? ಅಲ್ಲಿಗೆ ಸಿಟಿ ಬಸ್ ಇಲ್ಲ. ಆಟೋದವನಿಗೆ ಕೇಳಿದ್ದಾಯ್ತು, ಹೋಗಲು 150, ಬರಲು 150. "ರೀ, ಫ್ರೀ ಬಸ್ ಹತ್ತಾಕ ದಿನಾ 300 ರೂಪಾಯಿ ಕೊಡಬೇಕು ನಾನು" ಅಂದಳು. ಅದರ ಕೆಳಗೆ ನನ್ನ ಪೆಟ್ರೋಲ್, ಮಗಳ ಸ್ಕೂಲ್ ವ್ಯಾನ್, ಬ್ಯಾಂಕಿನ ಕಂತು ಬರೆದು, ಕೂಡದೆ ಹಾಳೆ ಮಡಚಿಟ್ಟಳು. ಕೂಡಿದ್ದರೆ ಜಗಳ ಆಗುತ್ತಿತ್ತು.

ಮೊನ್ನೆ ಸಂಜೆ ಯಾವುದೋ ಕೆಲಸಕ್ಕೆ ಹೋಗಿ ಅದೇ ಗೇಟಿನಲ್ಲಿ ಸಿಕ್ಕಿಕೊಂಡೆ. ಪಕ್ಕಕ್ಕೆ ಬಂದು ನಿಂತ ಬೈಕಿನಲ್ಲಿ ಏಜೆಂಟ್. ಹಿಂದೆ ಇಬ್ಬರು ಮಕ್ಕಳು ಸ್ಕೂಲ್ ಬ್ಯಾಗ್ ಹಾಕಿಕೊಂಡೇ ನಿದ್ದೆ ಹೋಗಿದ್ದರು. ಒಬ್ಬಳು ಅವನ ಬೆನ್ನಿಗೆ ಒರಗಿ, ಇನ್ನೊಬ್ಬ ಅವಳ ಬೆನ್ನಿಗೆ.

"ಏನಾತ್ರಿ ಸರ್ ಸೈಟಿನ ವಿಷಯ?"

"ನೋಡ್ತಿದೀವಿ. ನೀವೆಲ್ಲಿ ಇರೋದು?"

"ಇಲ್ಲೇ ರೀ, ಗೇಟಿನ ಆಚಿ. ಕಂಪನಿಯೋರು ಕಮಿಷನ್ ಬದಲಿ ಸೈಟ್ ಕೊಟ್ರು. ಮನಿ ಕಟ್ಟಿಸಿ ಎರಡು ವರ್ಷ ಆತು."

"ಹತ್ತು ನಿಮಿಷ ಅಲ್ವಾ?" ಅಂದೆ. ಅವನು ನಗಲಿಲ್ಲ. ಗೂಡ್ಸ್ ಬಂತು. ಇಬ್ಬರೂ ಸುಮ್ನೆ ವ್ಯಾಗನ್ ನೋಡುತ್ತಾ ನಿಂತೆವು. ಇಪ್ಪತ್ತೋ ಇಪ್ಪತ್ತೈದೋ ಹೋದ ಮೇಲೆ ಅವನು ಬೈಕನ್ನು ಕಾಲಲ್ಲೇ ತಳ್ಳಿಕೊಂಡು ಹತ್ತಿರ ಬಂದ. ಮಕ್ಕಳು ಏಳದಂತೆ ದನಿ ತಗ್ಗಿಸಿ ಕೇಳಿದ:

"ಸರ್, ನೀವು ಸೈಟ್ ತಗೊಂಡು ಮನಿ ಕಟ್ಟಿಸಿದ್ರ, ಆ ಸತ್ಯನಾರಾಯಣಪೇಟಿ ಮನಿ ಖಾಲಿ ಮಾಡ್ತೀರಲ್ರಿ? ಬಾಡಿಗಿ ಎಷ್ಟು ಅದು? ಮಾಲಕರಿಗೆ ನನ್ನ ಹೆಸರು ಒಂದು ಹೇಳಿಡ್ರಿ."