ಸತ್ಯಾಂಶ: ಕೋಳಿಯ ಮೈ ಬಿಸಿ ಇದ್ದರೆ ಜ್ವರ ಅಂತಲ್ಲ

ಡೊಂಬಿವಲಿ, ಠಾಣೆ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಸಾಕಿದ ಕೋಳಿ ಮಂಕಾಗಿದ್ದು ಮೈ ಬಿಸಿ ಇದ್ದರೆ ಜ್ವರ. ಜ್ವರದ ಮಾತ್ರೆ ಅರೆದು, ನೀರಲ್ಲಿ ಕಲಸಿ ಬಾಯಿಗೆ ಸುರಿಯಿರಿ." ದಯವಿಟ್ಟು ಹಾಗೆ ಮಾಡಬೇಡಿ.

ಕೋಳಿಯ ಮೈಬಿಸಿ ಸಹಜವಾಗಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮ್ಮದು 37. ಚೆನ್ನಾಗಿರುವ ಕೋಳಿಯ ರೆಕ್ಕೆ ಕೆಳಗೆ ಕೈಯಿಟ್ಟರೂ ಬಿಸಿಯೇ ತಾಗುತ್ತದೆ, ಅಲ್ವಾ?

ಬಾಯಿಗೆ ಸುರಿಯುವುದಂತೂ ಇನ್ನೂ ಅಪಾಯ. ಕೋಳಿ ಬಾಯಿ ತೆರೆದಾಗ ಗಮನಿಸಿ: ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಉಸಿರಿನ ದಾರಿ. ನಿತ್ರಾಣವಾದ ಕೋಳಿಗೆ ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಉಳಿಯಬಹುದಾಗಿದ್ದ ಜೀವ ಹೀಗೆ ಹೋಗುತ್ತದಲ್ಲ, ನನಗೆ ಸಂಕಟ ಅದಕ್ಕೇ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿ. ತಾನೇ ನುಂಗಿದರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಮಿಕ್ಕ ಕೋಳಿಗಳು ಕುಕ್ಕದ ಹಾಗೆ ರಟ್ಟಿನ ಡಬ್ಬಿಯಲ್ಲಿ ಬೆಚ್ಚಗೆ ಇಡಿ. ಗಾಳಿ ಆಡಬೇಕು. ಸುಮ್ನೆ ಎತ್ತಿ ಎತ್ತಿ ನೋಡಬೇಡಿ. ಕೋಳಿ ಕಾಯಿಲೆಯನ್ನು ಆದಷ್ಟು ಬಚ್ಚಿಡುತ್ತದೆ. ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ಕೂತಿದೆ ಎಂದರೆ ಆಗಲೇ ಜಾಸ್ತಿಯಾಗಿದೆ ಎಂದುಕೊಂಡು ಡಾಕ್ಟರ ಹತ್ತಿರ ಹೊರಡಿ. ಮುಂಬೈಯ ಪರೇಲ್‌ನಲ್ಲಿ 1883ರಷ್ಟು ಹಳೆಯ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ಉಳಿಯುವುದಿಲ್ಲ ಎಂದಾದರೆ ನೋವಿಲ್ಲದೆ ಕಳಿಸಿಕೊಡುವ ಬಗ್ಗೆಯೂ ಡಾಕ್ಟರನ್ನೇ ಕೇಳಿ.

ಎರಡು ಮೂರು ಕೋಳಿ ಒಟ್ಟಿಗೆ ಸತ್ತರೆ ಕೊಕ್ಕರೆ ರೋಗವೋ (ರಾಣಿಖೇತ್ ಅನ್ನುವ ಕೋಳಿಗಳ ಅಂಟುರೋಗ) ಹಕ್ಕಿಜ್ವರವೋ ಇರಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ಗಟಾರಕ್ಕೆ ಎಸೆಯಬೇಡಿ. ಸರ್ಕಾರಿ ಪಶು ವೈದ್ಯರಿಗೆ ತಿಳಿಸಿ.